ಹಾರ ಹಾಕದೆ ಕಳಿಸಿದ ಪಾದ್ರಿಗಳು

1979ರ ಜೂನ್‌ನಲ್ಲಿ ಹೊನ್ನಾವರದ ಬಂದರು ಕಡೆಯ ಸಣ್ಣ ಇಗರ್ಜಿಯೊಂದರ ಪಾದ್ರಿಗಳು ಒಂದು ವರ್ಷದ ಅಧ್ಯಯನ ರಜೆ ಪಡೆದು ಕುಮಟೆಯ ಹೊಳನಗದ್ದೆಗೆ ಹೋದರು. ಬೆಳಗಿನ ಬಸ್ಸು, ಒಂದು ಟ್ರಂಕು, ಒಂದು ಕೊಡೆ. ನಾನು ಬಸ್‌ಸ್ಟ್ಯಾಂಡಿನಲ್ಲೇ ಇದ್ದೆ. ಪತ್ರಿಕೆಗೆ ಬರೆದ ಸುದ್ದಿಯ ಲಕೋಟೆಯನ್ನು ದಿನವೂ ಅದೇ ಬಸ್ಸಿನ ಕಂಡಕ್ಟರ್ ಕೈಗೆ ಕೊಡುತ್ತಿದ್ದೆ.

ಅವರಿಗೆ ಐವತ್ತೆರಡು ವರ್ಷ. ಸುವಾರ್ತೆಯನ್ನು ಮೂಲ ಗ್ರೀಕಿನಲ್ಲಿ ಓದಬೇಕೆಂದು ಆರು ವರ್ಷ ಬಿಷಪರನ್ನು ಕೇಳಿ ಪಡೆದ ರಜೆ ಅದು. ಹಿಂದಿನ ಭಾನುವಾರ ಪೂಜೆಯ ಕೊನೆಯಲ್ಲಿ ಹೇಳಿಯೂ ಇದ್ದರು: ವರ್ಷ ತುಂಬುವ ತನಕ ಯಾರೂ ಬರಬೇಡಿ, ಕಾಗದವನ್ನೂ ಬರೆಯಬೇಡಿ.

ಓದಲಿಕ್ಕೇ ಹೋದರೆಂದು ಯಾರೂ ನಂಬಲಿಲ್ಲ. ನಮ್ಮಲ್ಲಿ ಪೋಸ್ಟ್‌ಮನ್ನಿಗೆ ವರ್ಗವಾದರೂ ಹಾರ ಹಾಕಿ, ಕುರ್ಚಿಯಲ್ಲಿ ಕೂರಿಸಿ, ಫೋಟೋ ತೆಗೆಸಿಯೇ ಕಳಿಸುವುದು. ಹಾರವಿಲ್ಲದೆ ಹೋದವನು ಶಿಕ್ಷೆಗೊಳಗಾಗಿ ಹೋದವನು. ಮರಳಿ ಬರುವವನಿಗೆ ಬೀಳ್ಕೊಡುಗೆ ಯಾಕೆಂದು ಪಾದ್ರಿಗಳೇ ಬೇಡವೆಂದಿದ್ದರು.

ಮಳೆಗಾಲ. ದೋಣಿಗಳು ದಡದಲ್ಲಿದ್ದವು, ಜನರ ಕೈಗೆ ಕೆಲಸವಿರಲಿಲ್ಲ. ಇಗರ್ಜಿಯ ಗೋಡೆಗೆ ಒರಗಿ ಒಣಮೀನು ಮಾರುವ ಹೆಂಗಸು ಕ್ರೈಸ್ತಳಲ್ಲ, ಆದರೆ ಹೆಚ್ಚು ಚಡಪಡಿಸಿದವಳು ಅವಳೇ.

"ಐವತ್ತು ದಾಟಿದ ಮೇಲೆ ಎಂತ ಓದು? ಯಾರೋ ಚಾಡಿ ಹೇಳಿದಾರೆ."

"ಅಕ್ಕಾ, ನೀ ಮೀನು ಮಾರು. ಇಗರ್ಜಿ ವಿಷಯ ನಮ್ಗೆ ಬಿಡು," ಎಂದರು ಗುರ್ಕಾರರು, ಕೇರಿಯ ಕ್ರೈಸ್ತರ ಹಿರಿಯರು.

"ನಿಮ್ಗೆ ಬಿಟ್ಟೇ ಹಿಂಗಾದ್ದು. ಒಂದು ಹಾರ ಹಾಕೂಕೆ ಆಗ್ಲಿಲ್ಲ ನಿಮ್ಗೆ."

ಗುರ್ಕಾರರು ನನ್ನ ಕಡೆ ತಿರುಗಿದರು. "ಆತು, ಪೇಪರಣ್ಣ. ಬಿಷಪರಿಗೆ ನೀವೇ ಒಂದು ಅರ್ಜಿ ಬರೀರಿ."

ಬರೆದೆ. ಇನ್ನೊಂದು ಕಡೆಯವರನ್ನು ಕೇಳದೆ ಒಂದು ಸಾಲೂ ಬರೆಯಬಾರದೆಂಬುದು ನಾನು ಕಲಿತ ಮೊದಲ ಪಾಠ. ಹೊಳನಗದ್ದೆ ಬಸ್ಸಿಗೆ ದೂರವಲ್ಲ. ನಾನು ಹೋಗಲಿಲ್ಲ. ರಜೆ ರದ್ದು ಮಾಡಿ ನಮ್ಮ ಪಾದ್ರಿಗಳನ್ನು ಮರಳಿ ಕೊಡಬೇಕೆಂದು ಬರೆದೆ. ಗುರ್ಕಾರರು ಮನೆಮನೆಗೆ ಹೋಗಿ ಸಹಿ ಹಾಕಿಸಿದರು. ಮೀನಿನವಳು ಹೆಬ್ಬೆಟ್ಟು ಒತ್ತಿದಳು.

ನವೆಂಬರಿನಲ್ಲಿ ಬಿಷಪರ ಆದೇಶ ಇಗರ್ಜಿಗೆ ಬಂತು: ಜನರ ಕೋರಿಕೆಯಂತೆ ಪಾದ್ರಿಗಳು ಕೂಡಲೇ ಮರಳತಕ್ಕದ್ದು. ಅದನ್ನು ಕೊಡಲು ನಾವು ಮೂವರೂ ಹೊರಟೆವು. ಅವರು ಬಾಡಿಗೆಗಿದ್ದುದು ನಿವೃತ್ತ ಮಾಸ್ತರೊಬ್ಬರ ಮನೆಯ ಹೊರಕೋಣೆಯಲ್ಲಿ. ಮಾಸ್ತರರು ಅಂಗಳದಲ್ಲೇ ನಮ್ಮನ್ನು ತಡೆದರು.

"ಮೆಲ್ಲಗೆ ಮಾತಾಡಿ. ಹತ್ತಿರ ಐದು ತಿಂಗಳು ಇವ್ರಿಗೆ ಕೂತಲ್ಲಿ ಕೂರೂಕೇ ಆಗ್ತಿರ್ಲಿಲ್ಲ. ಹೊನ್ನಾವರದ ಬಸ್ಸಿನ ಶಬ್ದ ಕೇಳಿದ್ರೆ ರಸ್ತೆಗೆ ಓಡೂದು. ಈಗ ಎಂಟು ದಿನ ಆತು, ಓದೂಕೆ ಕೂತ್ರೆ ಊಟಕ್ಕೂ ಏಳೂದಿಲ್ಲ."

ಒಳಗೆ ಬಾಗಿಲ ಹಿಂದೆ ಸೀಮೆಸುಣ್ಣದಲ್ಲಿ ಗ್ರೀಕ್ ಅಕ್ಷರಗಳಿದ್ದವು. ಪಾದ್ರಿಗಳು ಆದೇಶವನ್ನು ಎರಡು ಸಲ ಓದಿದರು.

"ಅರ್ಜಿ ಬರೆದವರು ಯಾರು?"

ನಾನೇ ಎಂದೆ.

"ಚೆನ್ನಾಗಿ ಬರೆದಿದ್ದೀರಿ, ಕೆಲಸ ಆಗಿದೆ. ನನ್ನನ್ನೊಂದು ಮಾತು ಕೇಳಬಹುದಿತ್ತು."

"ಬರಬ್ಯಾಡಿ ಅಂದೋರು ನೀವೇ ಅಲ್ರಾ?" ಎಂದಳು ಮೀನಿನವಳು.

"ಅದೂ ಹೌದು." ಅವರು ಎದುರಿಗಿದ್ದ ಪುಸ್ತಕ ಮುಚ್ಚಲಿಲ್ಲ. "ಇನ್ನೂ ಏಳು ತಿಂಗಳಿತ್ತು."

ಗುರ್ಕಾರರು ಚೀಲದಿಂದ ಬಾಳೆಲೆಯ ಪೊಟ್ಟಣ ತೆಗೆದರು. "ನಡೀರಿ ಫಾದರ್. ಈ ಸಲ ಹಾರ ತಂದಿದ್ದೇವೆ."

ಮಧ್ಯಾಹ್ನದ ಬಸ್ಸಿಗೆ ಅವರು ನಮ್ಮ ಜೊತೆ ಹೊನ್ನಾವರಕ್ಕೆ ಬಂದರು. ಇಗರ್ಜಿಯ ಮೆಟ್ಟಿಲ ಮೇಲೆ ಕುರ್ಚಿ ಹಾಕಿ ಫೋಟೋ ತೆಗೆಸಲಾಯಿತು. ಅದರಲ್ಲಿ ನಾನು ಬಲತುದಿಯಲ್ಲಿದ್ದೇನೆ. ಪಾದ್ರಿಗಳು ಮರಳಿದ ಸುದ್ದಿ ಎರಡು ವಾಕ್ಯದಲ್ಲಿ ಕಳಿಸಿದೆ. ಅರ್ಜಿ ಯಾರು ಬರೆದರೆಂಬುದು ಅದರಲ್ಲಿರಲಿಲ್ಲ.

1984ರಲ್ಲಿ ಅವರಿಗೆ ಭಟ್ಕಳದ ಕಡೆಗೆ ವರ್ಗವಾಯಿತು. ಉಳಿದ ಏಳು ತಿಂಗಳ ರಜೆಗೆ ಅವರು ಮತ್ತೆ ಅರ್ಜಿ ಹಾಕಿದ್ದರು. 1987ರ ಜನವರಿಯಲ್ಲಿ ಭಟ್ಕಳದ ಬಸ್‌ಸ್ಟ್ಯಾಂಡಿನಲ್ಲಿ ಅವರು ನನಗೆ ಸಿಕ್ಕಾಗಲೂ ಅದಕ್ಕೆ ಉತ್ತರ ಬಂದಿರಲಿಲ್ಲ.