ಅಳಿಸಿಹೋದ ಊಳು

ಎಡಗಡೆಯ ಸುರುಳಿ ಬಲಗಡೆಯದಕ್ಕಿಂತ ತುಸು ವಾಲಿ ತಿರುಗುತ್ತಿತ್ತು. ನಿವೃತ್ತರಾಗುತ್ತಿದ್ದ ಮ್ಯಾನೇಜರರ ಭಾಷಣ ಹಿಡಿದಿಡಲು ನಮ್ಮ ಆಫೀಸಿಗೆ ಮೊನ್ನೆ ಟೇಪ್ ರೆಕಾರ್ಡರ್ ತರಿಸಿದ್ದರು. ಯಂತ್ರ ಬಿಸಿಯಾಗಿ ರಬ್ಬರಿನ ವಾಸನೆ ಎದ್ದದ್ದೇ, ಮೇಷ್ಟ್ರ ನೆನಪಾಯಿತು.

ಮದರಾಸಿನ ಕಾಲೇಜಿನಲ್ಲಿ ನನಗೆ ಪ್ರಾಣಿಶಾಸ್ತ್ರ ಕಲಿಸಿದವರು, ಮೈಸೂರಿನ ಕಡೆಯವರು. ಅವರ ಕೈಕೆಳಗೇ ಸಂಶೋಧನೆಗೆ ಸೇರಿದ್ದೆ. ಆಂಧ್ರದ ಗಡಿಯ ಕಾಡಿನಲ್ಲಿ ಸಂಜೆ ಏನೋ ಊಳಿಡುತ್ತದೆ, ತೋಳವಲ್ಲ, ಕತ್ತೆಕಿರುಬವೂ ಅಲ್ಲ ಎಂಬ ಸುದ್ದಿ ಬಂತು. ಕಾಲೇಜಿಗಿದ್ದ ಒಂದೇ ರೆಕಾರ್ಡರನ್ನು ಜೀಪಿಗೆ ಹಾಕಿಕೊಂಡು ಹೊರಟೆವು. ಮದುವೆಯಾಗದ ಹುಡುಗಿ ನಾನು ಜೊತೆಗಿದ್ದೇನೆಂದು ಅವರ ಹೆಂಡತಿಯೂ ಮೊಸರನ್ನ ಕಟ್ಟಿಕೊಂಡು ಬಂದರು. "ಬೇರೆಯವರು ಹೆಂಡ್ತೀನ ಸಿನಿಮಾಕ್ಕೆ ಕರ್ಕೊಂಡು ಹೋಗ್ತಾರೆ. ಇವರು ನೋಡೇ, ದೆವ್ವದ ಸಂಗೀತಕ್ಕೆ!"

ಆ ಕೂಗು ಸಿಕ್ಕಿದ್ದು ಒಂದೇ ಸಲ. ಅದನ್ನು ಅರ್ಧ ವೇಗದಲ್ಲಿ ಓಡಿಸಿ ತಿಂಗಳುಗಟ್ಟಲೆ ಕೇಳಿದೆ. ಹೊಸ ಪ್ರಾಣಿಯೇನೂ ಅಲ್ಲ. ಚಿರತೆ ಹತ್ತಿರ ಸುಳಿದಾಗ ಹೆದರಿದ ನರಿಯ ಕೂಗು... ಹಾಗೆಂದು ಸಾಧಿಸುವುದೇ ನನ್ನ ಪ್ರಬಂಧವಾಗಬೇಕಿತ್ತು. ಪುರಾವೆ ಆ ಸುರುಳಿ ಮಾತ್ರ.

ಡಿಸೆಂಬರಿನಲ್ಲಿ ಮೇಷ್ಟ್ರ ಮಗಳು ಸಂಗೀತ ಸಭೆಯೊಂದರಲ್ಲಿ ಮೊದಲ ಸಲ ಹಾಡಿದಳು. ಆ ತಿಂಗಳು ಮದರಾಸಿನಲ್ಲಿ ಹೊಸ ಟೇಪು ಯಾವ ಅಂಗಡಿಯಲ್ಲೂ ಸಿಗುತ್ತಿರಲಿಲ್ಲ. ಕಛೇರಿಯ ಮಾರನೆಯ ಸಂಜೆ ಮೇಷ್ಟ್ರು ನನ್ನನ್ನು ಮನೆಗೆ ಕರೆದು, ಕಾಫಿ ಕೊಟ್ಟು, ಹಾಡು ಕೇಳಿಸಿದರು. ಮಂಗಳ ಮುಗಿಯಿತು. ಸ್ವಲ್ಪ ಗರಗರ. ಆಮೇಲೆ ಕಾಡಿನಲ್ಲಿ ಮೇಷ್ಟ್ರು ಪಿಸುಗುಟ್ಟಿದ್ದು: "ಸಿಕ್ತಮ್ಮ! ಇದು ನಿಂದೇ!"

ಅದಕ್ಕೆ ಮುಂಚೆ ಟೇಪಿನಲ್ಲಿದ್ದ ಕೂಗೆಲ್ಲ ಹಾಡಾಗಿತ್ತು.

ಅವರ ಹೆಂಡತಿಯ ಮುಖ ಬಿಳಿಚಿತು. "ಅಯ್ಯೋ, ಇವಳ ಟೇಪೇನ್ರೀ ಇದು?"

"ನರಿ ಎಲ್ಲಿಗೆ ಹೋಗುತ್ತೆ, ಇನ್ನೊಂದ್ಸಲ ಕೂಗುತ್ತೆ" ಎಂದರು ಮೇಷ್ಟ್ರು. "ಮಗೂದು ಮೊದಲನೇ ಕಛೇರಿ ಇನ್ನೊಂದ್ಸಲ ಬರುತ್ಯೇ? ಅಲ್ವೇನಮ್ಮ?"

ತಮಾಷೆಯಲ್ಲ, ನಿಜವಾಗಿಯೇ ಕೇಳಿದ್ದರು.

ಇನ್ನೆರಡು ಸಲ ಕಾಡಿಗೆ ಹೋದೆವು. ಏನೂ ಕೇಳಿಸಲಿಲ್ಲ. ಪ್ರಬಂಧ ಅಲ್ಲಿಗೇ ನಿಂತಿತು. ಮೇಷ್ಟ್ರು ತೀರಿಕೊಂಡು ಈಗ ವರ್ಷವಾಗುತ್ತ ಬಂತು. ಒಳ್ಳೆಯವರು ಎನ್ನುತ್ತಾರೆ ಎಲ್ಲರೂ, ನಾನೂ ಹೌದೆನ್ನುತ್ತೇನೆ. ಆದರೆ ಆ ಕೂಗು ಏನೆಂದು ಯಾರಾದರೂ ಕೇಳಿದರೆ ಹೇಳುವ ಅಧಿಕಾರ ನನಗಿಲ್ಲ...

ಆ ಸಂಜೆ, "ಚೆನ್ನಾಗಿ ಹಾಡಿದಾಳೆ ಸಾರ್" ಎಂದು ಲೋಟ ತೊಳೆದಿಟ್ಟು ಬಂದಿದ್ದೆ. ಮರುದಿನ ಬೆಳಿಗ್ಗೆ ಪ್ರಯೋಗಾಲಯಕ್ಕೆ ಹೋಗಿ, ಆ ಸುರುಳಿಯ ಖಾಲಿ ಡಬ್ಬಿಯ ಮೇಲಿನ ಚೀಟಿ ಕಿತ್ತು, ಹೊಸದರಲ್ಲಿ ಅವರ ಮಗಳ ಹೆಸರು, ತಾರೀಖು, ಹಾಡಿದ ರಾಗಗಳನ್ನು ಕ್ರಮವಾಗಿ ಬರೆದು ಅವರ ಮೇಜಿನ ಮೇಲಿಟ್ಟೆ.