ಗಾಳವಿಲ್ಲದ ತುತ್ತು

ನಮ್ಮ ಮನೆಯಲ್ಲಿ ಒಂದು ಕಾಲಕ್ಕೆ ಬೆಳಗಿನ ಮೊದಲ ರಾಗಿ ಮುದ್ದೆ ಮೀನುಗಳಿಗೆ ಸಲ್ಲುತ್ತಿತ್ತು ಎಂದರೆ ನೀವು ನಗುತ್ತೀರಿ. ನಗಿ, ನಾನೂ ನಕ್ಕವಳೇ. ಆ ಶನಿವಾರವೂ ಹಾಗೆಯೇ ಬೆಳಗಾಯಿತು. ಐದಕ್ಕೆ ಎದ್ದು, ಹಾಲಿನ ಪ್ಯಾಕೆಟ್ಟುಗಳನ್ನು ಬಾಗಿಲಿನಿಂದ ಎತ್ತಿಕೊಂಡು, ಡಿಕಾಕ್ಷನ್ ಇಳಿಯಲು ಬಿಟ್ಟು, ಚಿಕ್ಕ ಪಾತ್ರೆಯಲ್ಲಿ ನೀರು ಕುದಿಸಿ ರಾಗಿ ಹಿಟ್ಟು ಹಾಕಿದೆ. ಕೋಲಿನಿಂದ ತಿರುವಿ, ಬಿಸಿಯಿರುವಾಗಲೇ ಕೈಗೆ ನೀರು ಹಚ್ಚಿಕೊಂಡು ನಾದಿ, ಹುರಿಗಡಲೆ ಹಿಟ್ಟು, ಚಿಟಿಕೆ ಇಂಗು, ಪುಡಿ ಮಾಡಿದ ಸೋಂಪು ಸೇರಿಸಿ ಮತ್ತೆ ನಾದಬೇಕು. ಉಪ್ಪು ಮಾತ್ರ ಹಾಕಬಾರದು. ಕಿವಿಯ ಹಾಲೆಯಷ್ಟು ಮೆತ್ತಗಿರಬೇಕು ಎಂಬುದು ನಮ್ಮವರ ಅಳತೆ. ಮದುವೆಯಾದ ಹೊಸತರಲ್ಲಿ ನಾನು ಒಂದು ಕೈಯಲ್ಲಿ ಹಿಟ್ಟಿನುಂಡೆಯನ್ನೂ ಇನ್ನೊಂದು ಕೈಯಲ್ಲಿ ನನ್ನದೇ ಕಿವಿಯನ್ನೂ ಹಿಡಿದು ಒತ್ತಿ ನೋಡುತ್ತ ನಿಂತಿದ್ದನ್ನು ಕಂಡು ಅತ್ತೆ, "ಏನ್ ತಪ್ಪು ಮಾಡ್ದೆ ಅಂತ ಕಿವಿ ಹಿಡ್ಕೊಂಡಿದ್ದೀಯೇ" ಎಂದು ಗಾಬರಿಯಾಗಿದ್ದರು. ಕಾನ್ವೆಂಟಿನ ಸಿಸ್ಟರುಗಳು ಕಸೂತಿ ಕಲಿಸಿದ ಬೆರಳುಗಳಿಗೆ ಮೀನಿನ ಎರೆ ಕಲಸುವ ಯೋಗ ಬಂದದ್ದು ಹೀಗೆ.

ನಮ್ಮವರು ಹಳೇ ಮದ್ರಾಸು ರಸ್ತೆಯ ಕಾರ್ಖಾನೆಯೊಂದರಲ್ಲಿ ಇಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಲೇಥಿನ ಮುಂದೆ ನಿಂತವರು. ತೊಂಬತ್ತರ ದಶಕದ ಕೊನೆಯಲ್ಲಿ ಸ್ವಯಂ ನಿವೃತ್ತಿ ಎಂಬ, ಸ್ವಯಂ ಎನ್ನುವುದು ಹೆಸರಿನಲ್ಲಷ್ಟೇ ಇದ್ದ ನಿವೃತ್ತಿಯನ್ನು ಪಡೆದು ಮನೆಗೆ ಬಂದರು. ಬರುವಾಗ ಟಿಫಿನ್ ಕ್ಯಾರಿಯರನ್ನು ತಂದರು, ಮಾತನ್ನು ಅಲ್ಲೇ ಗೇಟಿನಲ್ಲಿ ಬಿಟ್ಟು ಬಂದಂತಿತ್ತು. ಹೂಂ, ಊಹೂಂ, ಇವೆರಡರಲ್ಲೇ ಸಂಸಾರ ನಡೆಯಿತು. ಅವರನ್ನು ಎಬ್ಬಿಸಿ ಹೊರಗೆ ಕರೆದೊಯ್ಯುತ್ತಿದ್ದದ್ದು ಒಂದೇ, ಹಲಸೂರು ಕೆರೆ. ನಮ್ಮ ವಠಾರ ಕೆರೆಯ ಬೆನ್ನಿಗೇ ಅಂಟಿಕೊಂಡಿತ್ತು. ಗಾಳ ಹಾಕುವ ಗೆಳೆಯರೆಲ್ಲ ಸೇರಿ ವರ್ಷಕ್ಕೊಂದು ಭಾನುವಾರ ಸ್ಪರ್ಧೆ ಇಟ್ಟುಕೊಳ್ಳುತ್ತಿದ್ದರು; ಅದಕ್ಕೆ ಮುಂಚಿನ ವಾರಗಳಲ್ಲಿ ಒಬ್ಬೊಬ್ಬರೂ ದಂಡೆಯಲ್ಲಿ ಕೂತು ಮೀನಿನ ಮರ್ಜಿ ಹಿಡಿಯಬೇಕು, ಯಾವ ಹೊತ್ತಿಗೆ ಏನು ಕಚ್ಚುತ್ತದೆ ಎಂದು ತಿಳಿಯಬೇಕು.

ಆ ವರ್ಷ ಮೀನುಗಳು ಏನನ್ನೂ ಕಚ್ಚಲಿಲ್ಲ. ರಾಗಿ ಹಾಕಿದರು, ಎರೆಹುಳು ಹಾಕಿದರು, ರಸೆಲ್ ಮಾರುಕಟ್ಟೆಯಿಂದ ಕೋಳಿಯ ಲಿವರ್ ತಂದು ಹಾಕಿದರು. ಗಾಳದ ದಾರದ ಬೆಂಡು ನೀರಿನ ಮೇಲೆ ಹಣೆಯ ಬೊಟ್ಟಿನ ಹಾಗೆ ಕದಲದೆ ಕೂತಿರುತ್ತಿತ್ತು. ನಮ್ಮವರಿಗೊಬ್ಬರಿಗೇ ಅಲ್ಲ, ಯಾರಿಗೂ ಕಚ್ಚಲಿಲ್ಲ. ಆದರೆ ಉಳಿದವರಿಗೆ ಬೇರೆ ಕೆಲಸಗಳಿದ್ದವು. ಪಕ್ಕದಲ್ಲಿ ಕೂರುತ್ತಿದ್ದ ಸೆಲ್ವರಾಜ್ ಎಂಬವರು, "ಏನ್ ಸಾರ್, ಮನೇಲಿ ಸಾರು ಇಲ್ವಾ, ದಿನಾ ಮುದ್ದೆ ತಂದು ಕೆರೇಲಿ ಅದ್ದುತ್ತಾ ಇದ್ದೀರಾ" ಎಂದು ಕಿಚಾಯಿಸಿದ್ದನ್ನು ಸ್ವತಃ ಸೆಲ್ವರಾಜರೇ ನನಗೆ ಹೇಳಿದರು, ನಮ್ಮವರು ಹೇಳಲಿಲ್ಲ. ಸ್ಪರ್ಧೆಗೆ ಎರಡೇ ದಿನ ಉಳಿದ ಶುಕ್ರವಾರ ಸಂಜೆ ಗಾಳದ ಕೋಲನ್ನು ಒರೆಸುತ್ತ, ಕೋಲಿಗೇ ಹೇಳುವಂತೆ, "ನಾಳೆ ಒಂದ್ಸಲ ನೋಡ್ತೀನಿ. ಒಂದೂ ಕಚ್ಚಲಿಲ್ಲ ಅಂದ್ರೆ ಇದನ್ನ ಸೆಲ್ವರಾಜ್‌ಗೆ ಕೊಟ್ಬಿಡ್ತೀನಿ. ಇಟ್ಕೊಂಡು ಏನ್ಮಾಡೋದು" ಎಂದರು. ಎಷ್ಟೋ ದಿನಗಳ ನಂತರ ಅವರು ಆಡಿದ ಅತಿ ಉದ್ದದ ಮಾತು ಅದು, ಮತ್ತು ನನಗೆ ಭಯವಾದದ್ದು ಆಗಲೇ. ಲೇಥಿನ ಹಿಡಿ ಬಿಟ್ಟ ಕೈ ಇದು. ಕೋಲನ್ನೂ ಬಿಟ್ಟರೆ ಆಮೇಲೆ ಏನನ್ನು ಹಿಡಿದುಕೊಂಡು ದಿನ ದೂಡೀತು?

ಕೆರೆಯ ಮೌನಕ್ಕೆ ಅವರು ಕೊಟ್ಟ ಕಾರಣಗಳು ಹಲವಿದ್ದವು. ಗಾಳಿ ತಿರುಗಿದೆ, ಗಣೇಶನ ಬಣ್ಣ ಕರಗಿದೆ, ನೀರು ತಣ್ಣಗಾಗಿದೆ. ನಾನು ಅಡುಗೆಮನೆಯ ಕ್ಯಾಲೆಂಡರಿನಲ್ಲಿ ಹಿಂದಕ್ಕೆ ಎಣಿಸಿದೆ. ಮೀನು ಕಚ್ಚುವುದು ನಿಂತದ್ದು ಫಿಲೋಮಿನಾ ಆಂಟಿ ತೀರಿಕೊಂಡ ವಾರ.

ಫಿಲೋಮಿನಾ ಆಂಟಿ ನಮ್ಮ ವಠಾರದ ಮೊದಲನೆಯ ಮನೆಯವರು, ಮದುವೆಯಾಗದೆ ಉಳಿದ ನಿವೃತ್ತ ನರ್ಸು. ಬೆಳಗಿನ ಪೂಜೆಗೆ ಚರ್ಚಿಗೆ ಹೋಗಿ ಬರುವಾಗ ಬೇಕರಿಯವನು ಕತ್ತರಿಸಿ ಇಟ್ಟಿರುತ್ತಿದ್ದ ಬ್ರೆಡ್ಡಿನ ಅಂಚುಗಳನ್ನು ಒಂದು ಸ್ಟೀಲ್ ಡಬ್ಬಿಯಲ್ಲಿ ತುಂಬಿಕೊಂಡು, ಕೆರೆಯ ಮೂಲೆಯ ಕಲ್ಲುಮೆಟ್ಟಿಲಿನಲ್ಲಿ, ಯಾವಾಗಲೂ ಒಂದೇ ಜಾಗದಲ್ಲಿ, ಮೆಟ್ಟಿಲು ತುಸು ಸವೆದು ತಗ್ಗಾಗಿದ್ದ ಕಡೆ ಕೂರುತ್ತಿದ್ದರು. ಡಬ್ಬಿಯಿಂದ ಕಲ್ಲಿಗೆ ಟಣ್ ಟಣ್ ಟಣ್ ಎಂದು ಮೂರು ಸಲ ತಟ್ಟಿ, ಒಂದು ಉಸಿರಿನಷ್ಟು ತಡೆದು, ಇನ್ನೊಮ್ಮೆ ತಟ್ಟುವರು. ಅಷ್ಟಕ್ಕೆ ನೀರು ಕಪ್ಪಾಗಿ ಮೇಲಕ್ಕೆ ಬರುತ್ತಿತ್ತು. ಎಲ್ಲಕ್ಕಿಂತ ಮುಂದೆ ಇರುತ್ತಿದ್ದದ್ದು ತುಟಿ ಹರಿದ ಒಂದು ದೊಡ್ಡ ಕಾಟ್ಲಾ ಮೀನು. ಎರಡು ವರ್ಷದ ಹಿಂದೆ ನಮ್ಮವರ ಗಾಳದಿಂದಲೇ ತಪ್ಪಿಸಿಕೊಂಡದ್ದು. ಆಂಟಿ ಅದಕ್ಕೆ ಅಂತೋಣಿ ಎಂದು ಹೆಸರಿಟ್ಟಿದ್ದರು. ಆ ಹೆಸರು ಕೇಳಿ ನನಗೆ ನಗು ಬಂದಿತ್ತು, ಏಕೆಂದರೆ ನಮ್ಮ ಶಾಲೆಯ ಕಾರಿಡಾರಿನಲ್ಲಿ ಸಂತ ಅಂತೋಣಿಯವರ ಚಿತ್ರವೊಂದಿತ್ತು. ಊರ ಜನ ಕೇಳದೆ ಹೋದ ಬೋಧನೆಯನ್ನು ಅವರು ದಡದಲ್ಲಿ ನಿಂತು ಮೀನುಗಳಿಗೆ ಹೇಳುತ್ತಿದ್ದಾರೆ, ಮೀನುಗಳು ಸಾಲುಸಾಲಾಗಿ ತಲೆ ಎತ್ತಿ, ಬಾಯಿ ತೆರೆದು ಆಲಿಸುತ್ತಿವೆ. ಮೂರನೆಯ ಕ್ಲಾಸಿನಲ್ಲಿ ನಾನು ಎದ್ದು ನಿಂತು, "ಮಾತು ಮುಗಿದ ಮೇಲೆ ಮೀನುಗಳು ಎಲ್ಲಿಗೆ ಹೋದವು ಸಿಸ್ಟರ್?" ಎಂದು ಕೇಳಿದ್ದೆ. "ಸಿಟ್ ಡೌನ್" ಎಂದಿದ್ದರು ಸಿಸ್ಟರ್. ಪ್ರಶ್ನೆಯೂ ನನ್ನ ಜೊತೆಗೇ ಕೂತಿತು, ಏಳಲಿಲ್ಲ.

ಒಮ್ಮೆ ಆಂಟಿಯನ್ನು ಕೇಳಿದ್ದೆ, ನಿಮ್ಮ ಮಾತು ಇವಕ್ಕೆ ಹೇಗೆ ತಿಳಿಯುತ್ತದೆ ಎಂದು. "ಹಸಿದವರನ್ನ ಕರೆಯೋಕೆ ಭಾಷೆ ಎಲ್ಲಾ ಬೇಡ, ಮೈ ಗರ್ಲ್. ಕರೆದ ಮೇಲೆ ಬರಿಗೈ ತೋರಿಸ್ಬಾರದು, ಅಷ್ಟೇ" ಎಂದಿದ್ದರು.

ಅವರು ಹೋದ ಮೇಲೆ ಒಂದು ಬುಧವಾರ, ನಮ್ಮವರಿಗೆ ಹೇಳದೆ, ನಮ್ಮ ಮನೆಯ ಸಕ್ಕರೆ ಡಬ್ಬಿ ಒಯ್ದು ಅದೇ ಮೆಟ್ಟಿಲಿಗೆ ಹಾಗೆಯೇ ಮೂರು ಮತ್ತು ಒಂದು ಎಂದು ತಟ್ಟಿ ನೋಡಿದ್ದೆ. ಒಂದು ಮರಿಯೂ ಏಳಲಿಲ್ಲ. ಡಬ್ಬಿಯದೇ ದನಿ ಬೇರೆ ಇರಬೇಕು ಎಂದುಕೊಂಡೆ. ದನಿಯ ಗುರುತು ಮನುಷ್ಯರಿಗೇ ಇರುವಾಗ ನೀರಿನವಕ್ಕೆ ಇರದೇ? ಆಂಟಿಯ ಪಾತ್ರೆಪಡಗಗಳನ್ನೆಲ್ಲ ಅವರ ತಂಗಿ ನಮ್ಮ ಪಕ್ಕದ ಮನೆಯ ಶಮೀಮಾಳಿಗೆ ಕೊಟ್ಟುಹೋಗಿದ್ದರು, ಕೊನೆಯ ದಿನಗಳಲ್ಲಿ ಆರೈಕೆ ಮಾಡಿದವಳು ಅವಳೇ ಎಂದು. ಆ ಶುಕ್ರವಾರ ಸಂಜೆ, ಕೋಲಿನ ಮಾತು ಕೇಳಿದ ಮೇಲೆ, ಗೋಡೆಯ ಈಚೆ ನಿಂತು, "ಶಮೀಮಾ, ಮೀನಿಗೆ ಬ್ರೆಡ್ ಹಾಕ್ಬೇಕು, ಆಂಟಿ ಡಬ್ಬಿ ಕೊಡ್ತೀಯಾ ಒಂದು ದಿನಕ್ಕೆ" ಎಂದು ಕೂಗಿದೆ. ಆ ಕಡೆ ಬಾಣಲೆಯಲ್ಲಿ ಏನೋ ಚುರುಗುಟ್ಟುತ್ತಿತ್ತು. "ತಗೊಳ್ಳಿ ಅಕ್ಕಾ" ಎಂಬ ದನಿಯೊಡನೆ ಗೋಡೆಯ ಮೇಲಿಂದ ಒಂದು ಕೈ, ಕೈಯಲ್ಲಿ ಡಬ್ಬಿ. ಮುಚ್ಚಳದ ಅಂಚಿನಲ್ಲಿ ಒಂದು ತಗ್ಗು ಇತ್ತು. ಹೌದು, ಆಂಟಿಯ ಡಬ್ಬಿಗೂ ಇಲ್ಲೇ ತಗ್ಗಿತ್ತು ಎಂದು ನನಗೆ ಸ್ಪಷ್ಟವಾಗಿ ನೆನಪಾಯಿತು.

ಹಾಗೆ ಆ ಶನಿವಾರ ಬೆಳಿಗ್ಗೆ ಅವರು ಕೋಲು ಹಿಡಿದು, ನಾನು ಮುದ್ದೆಯ ಗಂಟು ಮತ್ತು ಬ್ರೆಡ್ಡು ತುಂಬಿದ ಡಬ್ಬಿ ಹಿಡಿದು ಹೊರಟೆವು. ಮೆಟ್ಟಿಲಿನಲ್ಲಿ ಯಾರೂ ಇರಲಿಲ್ಲ. ಬೆಳಕು ಇತ್ತು, ಸೂರ್ಯ ಇರಲಿಲ್ಲ. ನಡುಗಡ್ಡೆಯ ಮರಗಳು ಮಂಜಿನಲ್ಲಿ ಬುಡವಿಲ್ಲದೆ ನಿಂತಿದ್ದವು. ಸವೆದ ತಗ್ಗಿನಲ್ಲಿ ಕೂರಲು ನನಗೆ ಮನಸ್ಸಾಗಲಿಲ್ಲ. ಅದರಿಂದ ಒಂದು ಮೊಳ ಬಲಕ್ಕೆ ಕೂತು, ನಮ್ಮವರು ಏನು ಎಂಬಂತೆ ಹುಬ್ಬೇರಿಸುತ್ತಿರುವಾಗ, ಮೂರು ಸಲ ತಟ್ಟಿ, ತಡೆದು, ಒಮ್ಮೆ ತಟ್ಟಿದೆ.

ಮೊದಲು ಒಂದು ಬಳೆಯಷ್ಟು ಉಂಗುರ, ಆಮೇಲೆ ಅದರ ಪಕ್ಕದಲ್ಲಿ ಇನ್ನೊಂದು. ಆಮೇಲೆ ಕೆರೆಯ ಆ ಮೂಲೆಯ ನೀರೆಲ್ಲ ಮೆಲ್ಲಗೆ ಉಬ್ಬಿ, ಬೆನ್ನುಗಳು ಕಂಡವು, ಬಾಯಿಗಳು ಕಂಡವು. ನೂರಾರು ಇದ್ದವೇನೋ. ಆಂಟಿಯ ಕಾಲದಲ್ಲಿ ಅವು ಒಂದರ ಮೇಲೊಂದು ಬಿದ್ದು ನೀರು ಚಿಮ್ಮಿಸಿ ಗಲಾಟೆ ಮಾಡುತ್ತಿದ್ದವು. ಇವತ್ತು ಸದ್ದೇ ಇಲ್ಲ. ಶಾಲೆಯ ಆ ಚಿತ್ರದಲ್ಲಿದ್ದಂತೆ ಸಾಲಾಗಿ ತಲೆ ಎತ್ತಿ ನಿಂತಿದ್ದವು. ಬ್ರೆಡ್ಡಿನ ತುಂಡು ಎಸೆದೆ. ಅದು ಅವುಗಳ ನಡುವೆಯೇ ತೇಲಿತು, ಒಂದೂ ಮುಟ್ಟಲಿಲ್ಲ. ಇನ್ನೊಂದು ಎಸೆದಾಗ ನನಗೆ ಗೊತ್ತಾಯಿತು, ಅವು ನನ್ನ ಕಡೆ ಮುಖ ಮಾಡಿರಲಿಲ್ಲ. ಎಲ್ಲವೂ ನನ್ನಿಂದ ಒಂದು ಮೊಳ ಎಡಕ್ಕೆ, ಕಲ್ಲಿನ ಆ ಸವೆದ ತಗ್ಗಿನ ಕಡೆಗೆ ತಿರುಗಿದ್ದವು.

ನಮ್ಮವರ ಕೈ ಅಭ್ಯಾಸದಿಂದಲೇ ಕೆಲಸ ಮಾಡಿತು. ಮುದ್ದೆಯಿಂದ ನೆಲ್ಲಿಕಾಯಿಯಷ್ಟು ಉಂಡೆ ಮುರಿದು ಗಾಳಕ್ಕೆ ಹಚ್ಚಿ ಇಳಿಬಿಟ್ಟರು. ಬ್ರೆಡ್ಡಿಗೆ ಬಾರದ ಅಂತೋಣಿ ಅದಕ್ಕೆ ಬಂತು. ಬಂದು, ನೈವೇದ್ಯ ತೆಗೆದುಕೊಳ್ಳುವ ಹಾಗೆ, ಹರಿದ ತುಟಿಯಲ್ಲೇ ಅದನ್ನು ಎತ್ತಿಕೊಂಡಿತು. ಇಷ್ಟು ವಾರ ಕಾದ ಗಳಿಗೆ. ಅವರ ಮೊಣಕೈ ಬಿಗಿಯಿತು, ಎಳೆದಾಟಕ್ಕೆ ಸಿದ್ಧವಾಯಿತು, ಆದರೆ ಎಳೆದಾಟವೇ ಇರಲಿಲ್ಲ. ದಾರ ಸಡಿಲವಾಗಿಯೇ ಇತ್ತು. ಹತ್ತು ಸೇರಾದರೂ ತೂಗುವ ಆ ಮೀನು ಕರೆದ ಮಗುವಿನಂತೆ ನೇರ ಮೆಟ್ಟಿಲಿಗೆ ಬಂದು, ಕಲ್ಲಿಗೆ ಒರಗಿ ನಿಂತಿತು. ನಮ್ಮವರು ಬಗ್ಗಿ, ಕೈ ಒದ್ದೆ ಮಾಡಿಕೊಂಡು, ಗಾಳ ಬಿಡಿಸಿದರು. ಬಿಡಿಸಿದ ಮೇಲೂ ಅದು ಹೋಗಲಿಲ್ಲ. ಅಲ್ಲೇ, ಆ ತಗ್ಗಿನ ಕೆಳಗೇ, ಬಾಯಿ ತೆರೆದುಕೊಂಡು ಕಾಯುತ್ತಿತ್ತು.

"ಇದು ಕಚ್ಚಿದ್ದಲ್ಲ ಕಣೇ," ಎಂದರು ಕೋಲನ್ನು ಕಲ್ಲಿನ ಮೇಲಿಟ್ಟು. "ಯಾರೋ ಕರೆದಿದ್ದಕ್ಕೆ ಬಂದಿದ್ದು."

ಉಳಿದ ಮುದ್ದೆಯನ್ನೆಲ್ಲ ಚಿಕ್ಕ ಚಿಕ್ಕದಾಗಿ ಮುರಿದು, ಗಾಳವಿಲ್ಲದೆ, ಒಂದೊಂದಾಗಿ ನೀರಿಗೆ ಬಿಟ್ಟರು. ಆಗ ತಿಂದವು. ತಿಂದು, ಬಂದಷ್ಟೇ ಸದ್ದಿಲ್ಲದೆ ಇಳಿದುಹೋದವು. ನಾನು ತಂದ ಬ್ರೆಡ್ಡು ಮಾತ್ರ ಹಾಗೆಯೇ ತೇಲುತ್ತಿತ್ತು.

ಮನೆಗೆ ಬರುವ ದಾರಿಯುದ್ದಕ್ಕೂ ನಮ್ಮವರು ಮಾತಾಡಿದರು. ನೀವು ನಂಬಬೇಕು, ಒಂದು ಕ್ಷಣವೂ ನಿಲ್ಲಿಸಲಿಲ್ಲ. ಕಾರ್ಖಾನೆಯ ಕೊನೆಯ ದಿನ ಲೇಥಿಗೆ ಎಣ್ಣೆ ಹಾಕಿ, ಬಟ್ಟೆ ಹೊದಿಸಿ ಬಂದದ್ದನ್ನು, ಮಾರನೆಯ ದಿನವೂ ಆರೂವರೆಗೆ ಎಚ್ಚರವಾಗಿ ಸೈರನ್ನಿಗೆ ಕಿವಿಗೊಟ್ಟದ್ದನ್ನು, ಕೂಗು ಕೇಳಿದಂತಾಗಿ ಚಪ್ಪಲಿ ಮೆಟ್ಟಿ ಗೇಟಿನವರೆಗೆ ಹೋಗಿ ನಿಂತದ್ದನ್ನು ಹೇಳಿದರು. ನಾನು ಇವನ್ನೆಲ್ಲ ಮೊದಲ ಬಾರಿಗೆ ಕೇಳುತ್ತಿದ್ದೆ. "ನಾಳೆ ಹೋಗ್ತೀನಿ," ಎಂದರು ಬಾಗಿಲಲ್ಲಿ. "ಆದ್ರೆ ಆಚೆ ದಂಡೇಲಿ ಕೂರ್ತೀನಿ. ಕಚ್ಚಿದ್ರೆ ಕಚ್ಚಲಿ, ಇಲ್ದಿದ್ರೆ ಇಲ್ಲ. ನೀನು ಮಾತ್ರ ಆ ಡಬ್ಬಿ ವಾಪಸ್ ಕೊಟ್ಬಿಡು." ಕೋಲು ಸೆಲ್ವರಾಜರ ಮನೆಗೆ ಹೋಗಲಿಲ್ಲ, ಬಾಗಿಲ ಹಿಂದಿನ ತನ್ನ ಮೂಲೆಗೆ ಹೋಗಿ ನಿಂತಿತು.

ಬಯಸಿದ್ದು ಸಿಕ್ಕಿತ್ತು, ಆದರೂ ಮಧ್ಯಾಹ್ನವೆಲ್ಲ ನನ್ನ ಮನಸ್ಸು ನೆಟ್ಟಗಿರಲಿಲ್ಲ. ಸತ್ತವರೊಬ್ಬರ ದನಿಯನ್ನು ಎರವಲು ತಂದು ಹಸಿದವನ್ನು ಕರೆದಿದ್ದೆ, ಗಾಳದ ಎದುರಿಗೆ ತಂದು ನಿಲ್ಲಿಸಿದ್ದೆ. ಯೋಚಿಸಿ ನೋಡಿದರೆ ಗಾಳಕ್ಕೂ ಕೈತುತ್ತಿಗೂ ನಡುವೆ ಇರುವುದು ಒಂದು ಬಾಗಿದ ಮುಳ್ಳಷ್ಟೇ. ಮುದ್ದೆ ಅದೇ, ಕೈ ಅದೇ, ನಂಬಿಕೆಯೂ ಅದೇ. ನಂಬಿದವರಿಗೆ ಒಳಗೆ ಮುಳ್ಳಿದೆಯೋ ಇಲ್ಲವೋ ಎಂದು ಒಡೆದು ನೋಡುವ ಅಭ್ಯಾಸವಿರುವುದಿಲ್ಲ. ಇಪ್ಪತ್ತು ವರ್ಷ ಸೈರನ್ ಕೇಳಿದೊಡನೆ ಎದ್ದು ಹೋದವರು ಯಾವತ್ತಾದರೂ ಒಡೆದು ನೋಡಿದ್ದರೇ? ಮೂರನೆಯ ಕ್ಲಾಸಿನ ನನ್ನ ಪ್ರಶ್ನೆಗೆ ಉತ್ತರ ಸಿಕ್ಕಂತಾಯಿತು. ಮಾತು ಮುಗಿದ ಮೇಲೆ ಮೀನುಗಳು ಎಲ್ಲಿಗೂ ಹೋಗುವುದಿಲ್ಲ. ಅಲ್ಲೇ ಕೆಳಗೆ, ಕತ್ತಲಲ್ಲಿ, ಇನ್ನೊಮ್ಮೆ ಕರೆಯುವರೆಂದು ಕಾಯುತ್ತವೆ. ಪಾಪ, ಡಬ್ಬಿಯ ದನಿಗೆ ಮೋಸಹೋದವು ಎಂದುಕೊಂಡು ಅದನ್ನು ಹುಣಸೆಹಣ್ಣು ಹಾಕಿ ಉಜ್ಜಿದೆ, ಒರೆಸಿದೆ, ಆಂಟಿಗೆ ಮನಸ್ಸಿನಲ್ಲೇ ತಪ್ಪಾಯಿತು ಎಂದೆ. ಅಷ್ಟು ಹೊಳಪು ಬಂದ ಮೇಲೆ ನನಗೂ ಕೊಂಚ ಹಗುರಾಯಿತು.

ಸಂಜೆ ಕೊಡಲು ಹೋದಾಗ ಶಮೀಮಾ ಹೊಸ್ತಿಲಲ್ಲಿ ಕೂತು ಮೊರದಲ್ಲಿ ಅಕ್ಕಿ ಆರಿಸುತ್ತಿದ್ದಳು.

"ಆಂಟಿ ಡಬ್ಬಿ ತಗೊಳ್ಳಮ್ಮ," ಎಂದೆ.

"ಆಂಟಿದಾ?" ಡಬ್ಬಿಯನ್ನು ತಿರುಗಿಸಿ ನೋಡಿ ನಕ್ಕಳು. "ಅರೆ, ಇದು ನನ್ನ ಸೂಜಿ ದಾರದ ಡಬ್ಬಿ ಅಕ್ಕಾ. ಆಂಟಿದನ್ನ ಅವರ ತಂಗಿ, ಆಂಟಿನ ಮಲಗಿಸಿದ ಪೆಟ್ಟಿಗೆ ಒಳಗೇ ಇಟ್ಟು ಮಣ್ಣಿಗೆ ಕಳ್ಸಿದ್ರಲ್ಲ, ಜಪಸರದ ಜೊತೆ. ನೀವು ಆಗ ಬಂದವರಿಗೆ ಗಂಜಿ ಮಾಡ್ತಾ ಒಳಗಿದ್ರಿ."

ಒಂದು ಕಲ್ಲು ಸಿಕ್ಕಿತು. ಅದನ್ನು ಅಂಗಳಕ್ಕೆ ಎಸೆದು ಮತ್ತೆ ಮೊರಕ್ಕೆ ಬಗ್ಗಿದಳು.

"ಮೀನಿಗೇನ್ ಗೊತ್ತಾಗುತ್ತೆ ಬಿಡಿ, ಯಾವ ಡಬ್ಬಿ ಅಂತ."