ಕಾಕು ಕುಡಿದ ಎರಡು ಬಟ್ಟಲು ಚಹಾ

ಕಳೆದ ವಾರ ಕ್ಲಾಸೆಟ್ಟಿನಿಂದ ಹಳೆಯ ಸೂಟ್‌ಕೇಸೊಂದನ್ನು ಇಳಿಸಿ ಒರೆಸುತ್ತಿದ್ದಾಗ ಅದರ ಒಳಜೇಬಿನಲ್ಲಿ ಒಂದು ಶವರ್ ಕ್ಯಾಪ್ ಸಿಕ್ಕಿತು. ಅಂಗೈಯಗಲದ ರಟ್ಟಿನ ಡಬ್ಬಿ, ಮೇಲೆ ಬಂಗಾರದ ಬಣ್ಣದ ಚೀನೀ ಅಕ್ಷರಗಳು, ಒಳಗೆ ಒಪ್ಪವಾಗಿ ಮಡಿಸಿಟ್ಟ ಪ್ಲಾಸ್ಟಿಕ್ಕು. ಸ್ನಾನ ಮಾಡುವಾಗ ನಾನು ತಲೆಗೆ ಇಂಥದ್ದನ್ನು ಎಂದೂ ಹಾಕಿಕೊಂಡವಳಲ್ಲ. ಇದು ಮೊಸರಿನ ಪಾತ್ರೆಗೆ ಮುಚ್ಚಲೆಂದು ಬಂದದ್ದು. ತಂದವರು ಕಾಕು. ಪಾತ್ರೆಯ ಬಾಯಿಗೆ ಇದರ ಎಲಾಸ್ಟಿಕ್ಕು ಎಷ್ಟು ಚೆನ್ನಾಗಿ ಕೂರುತ್ತದೆ ಎಂದು ಅವರು ಫ್ರಿಜ್ಜಿನ ಬಾಗಿಲು ತೆರೆದು ತೋರಿಸುತ್ತಿದ್ದದ್ದು ಕಣ್ಣಿಗೆ ಕಟ್ಟಿತು. ಒರೆಸುವ ಬಟ್ಟೆ ಕೈಯಲ್ಲೇ ಉಳಿಯಿತು…

ಕಾಕು ನನಗೆ ಬಂಧುವಲ್ಲ. ಕೆನಡಾದಲ್ಲಿ, ಟೊರಾಂಟೊ ಪಕ್ಕದ ಮಿಸಿಸಾಗದಲ್ಲಿ ನಾನು ಬಾಡಿಗೆಗಿದ್ದ ಬೇಸ್‌ಮೆಂಟಿನ ಮನೆಯೊಡತಿ. ಧಾರವಾಡದವರು. ನಾನು ಮೈಸೂರಿನವಳು. ಕಾಲೇಜು ಮುಗಿಸಿ ಏರ್‌ಪೋರ್ಟಿನ ಚೆಕ್-ಇನ್ ಕೌಂಟರಿನಲ್ಲಿ ಆಗಷ್ಟೇ ಕೆಲಸಕ್ಕೆ ಸೇರಿದ್ದೆ. ಮನೆ ನೋಡಲು ಹೋದ ದಿನ "ಆಂಟಿ" ಎಂದೆ. ಅವರು, "ಆಂಟಿ ಅಂದ್ರ ಈ ಊರಾಗ ಯಾರ್ಯಾರೋ ಹೊಳ್ಳಿ ನೋಡ್ತಾರ. ಕಾಕು ಅನ್ನು," ಎಂದರು. ಕಾಕು ಅಂದರೆ ಅವರ ಕಡೆ ಚಿಕ್ಕಮ್ಮ ಎಂದು ನನಗೆ ತಿಳಿದದ್ದು ಆಮೇಲೆ.

ಅವರ ಗಂಡ ಬರ್ಲಿಂಗ್ಟನ್ನಿನ ಒಂದು ಕಾರ್ಖಾನೆಯಲ್ಲಿ ಕೆಲಸಕ್ಕಿದ್ದವರು. ಮಗಳು ಶ್ರುತಿ ಇನ್ನೂ ಶಾಲೆಯಲ್ಲಿದ್ದಾಗಲೇ ತೀರಿಕೊಂಡರು. ಆಗ ಕಾಕು ಏರ್‌ಪೋರ್ಟಿನ ಹತ್ತಿರದ ಹೋಟೆಲೊಂದರಲ್ಲಿ ರೂಮು ಶುಚಿ ಮಾಡುವ ಕೆಲಸ ಹಿಡಿದರು. ಮಗಳನ್ನು ಓದಿಸಿದ್ದು, ಮನೆ ಉಳಿಸಿಕೊಂಡದ್ದು ಎಲ್ಲ ಅದರಲ್ಲೇ. ನಾನು ಹೋಗುವ ಹೊತ್ತಿಗೆ ಮಂಡಿ ನೋವು ಹೆಚ್ಚಾಗಿ ಕೆಲಸ ಬಿಟ್ಟಿದ್ದರು. ಶ್ರುತಿಗೆ ಮಾರ್ಕಮ್‌ನ ಒಂದು ಐಟಿ ಕಂಪನಿಯಲ್ಲಿ ಕೆಲಸವಾಗಿತ್ತು.

ಒಂದು ವಿಷಯ ನನಗೆ ಬೇಗ ಕಣ್ಣಿಗೆ ಬಿತ್ತು. ಹುಬ್ಬಳ್ಳಿ-ಧಾರವಾಡದ ಕುಟುಂಬಗಳಲ್ಲಿ ಸೀಮಂತವಿರಲಿ, ನಾಮಕರಣವಿರಲಿ, ಅಡುಗೆಗೆ ಕಾಕು ಬೇಕು. ಅವರ ಕೈಯ ಹೋಳಿಗೆ ಇಲ್ಲದೆ ಎಲೆ ಬೀಳುತ್ತಿರಲಿಲ್ಲ. ಆದರೆ ಆರತಿಗೆ ಕರೆಯುವ ಹೊತ್ತಿಗೆ ಅವರು ಇರುತ್ತಿರಲಿಲ್ಲ. ತುಪ್ಪ ತರಲು ಹೋಗಿರುತ್ತಿದ್ದರು, ಇಲ್ಲವೇ ಬೇಸ್‌ಮೆಂಟಿನಲ್ಲಿ ತಟ್ಟೆ ಹುಡುಕುತ್ತಿರುತ್ತಿದ್ದರು. ಹೂವು, ಕುಂಕುಮದ ತಟ್ಟೆ ಸುತ್ತಿ ಬಂದಾಗ ಕೈಗೆ ಹಿಟ್ಟು ಮೆತ್ತಿಕೊಂಡಿರುತ್ತಿತ್ತು. ಹೋಗಿ ಎಂದು ಅವರಿಗೆ ಯಾರೂ ಹೇಳಿರಲಿಲ್ಲ. ಬನ್ನಿ ಎಂದೂ ಯಾರೂ ಕೈಹಿಡಿದು ಎಳೆಯುತ್ತಿರಲಿಲ್ಲ. ಶ್ರುತಿಗೆ ಮಾತ್ರ ಇದನ್ನು ಕಂಡರೆ ಸಿಟ್ಟು. "ದಿಸ್ ಈಸ್ ಟೊರಾಂಟೊ, ಅಮ್ಮಾ. ಹೂ ಈವನ್ ಕೇರ್ಸ್?" ಎನ್ನುತ್ತಿದ್ದಳು. ಕಾಕು ನಕ್ಕು ಇನ್ನೊಂದು ಹೋಳಿಗೆ ಲಟ್ಟಿಸುತ್ತಿದ್ದರು.

ಶ್ರುತಿ ಮದುವೆಯಾಗಲು ಹೊರಟದ್ದು ತನ್ನ ಆಫೀಸಿನ ಕೆವಿನ್‌ನನ್ನು. ಅವನ ಅಪ್ಪ ಅಮ್ಮ ಚೀನಾದ ಶಿಯಾಮೆನ್ ಎಂಬ ಕಡಲತೀರದ ಊರಿನಿಂದ ಬಂದು ಮಾರ್ಕಮ್‌ನಲ್ಲಿ ನೆಲೆಸಿದವರು. ಕಾಕು ಮೊದಲ ಕೆಲವು ದಿನ ಮಾತು ಬಿಟ್ಟಿದ್ದರು. ಆಮೇಲೆ ಆ ಹುಡುಗ ಒಂದು ಶನಿವಾರ ಬಂದು, ಯಾರೂ ಹೇಳದೆ ಡ್ರೈವ್‌ವೇಯ ಹಿಮವನ್ನೆಲ್ಲ ಎತ್ತಿ ಹಾಕಿ, ರೊಟ್ಟಿ, ಎಣ್ಣೆಗಾಯಿ ಉಂಡು ಹೋದ. "ಖಾರ ತಿಂದು ಕಣ್ಣಾಗ ನೀರು ಬಂದ್ರೂ ಬಿಡಲಿಲ್ಲ ನೋಡು," ಎಂದರು ಕಾಕು. ಅದೇ ಅವರ ಒಪ್ಪಿಗೆ.

ನಮ್ಮ ಕಡೆಯ ಮದುವೆ ಮಿಸಿಸಾಗದಲ್ಲಿ, ದೇವಸ್ಥಾನದಲ್ಲಿ ಆಗುವುದಿತ್ತು. ಧಾರೆ ಎರೆಯಲು ಧಾರವಾಡದಿಂದ ಕಾಕುವಿನ ಮೈದುನ, ಅವರ ಹೆಂಡತಿ ಬರುವವರಿದ್ದರು. ಅದಕ್ಕೂ ಮೊದಲು ಚೀನಾದಲ್ಲೊಂದು ಶಾಸ್ತ್ರ. ಕೆವಿನ್‌ನ ಅಜ್ಜಿ ವಿಮಾನ ಹತ್ತುವ ಸ್ಥಿತಿಯಲ್ಲಿರಲಿಲ್ಲ. ಆಕೆಯ ಕಣ್ಣೆದುರು ಆಗಲೆಂದು ಅವನ ಚಿಕ್ಕಪ್ಪಂದಿರು ಶಿಯಾಮೆನ್ನಿನಲ್ಲೇ, ಸಮುದ್ರದ ದಂಡೆಯ ದೊಡ್ಡ ಹೋಟೆಲಿನಲ್ಲಿ ಎಲ್ಲ ಏರ್ಪಾಡು ಮಾಡಿದ್ದರು. ಕಾಕು, ಬರುವುದಿಲ್ಲವೆಂದು ಹಟ ಹಿಡಿದರು. ಕೊನೆಗೆ ನನ್ನ ಕಡೆ ಕೈತೋರಿಸಿ, "ಈಕಿ ಏರ್‌ಪೋರ್ಟಿನ್ಯಾಕಿ, ಈಕಿಗೆಲ್ಲಾ ಗೊತ್ತದ. ಈಕಿ ಬಂದ್ರ ಬರ್ತೀನಿ," ಎಂದರು. ನಾನು ಕೌಂಟರಿನಲ್ಲಿ ಬ್ಯಾಗು ತೂಗುವವಳೇ ಹೊರತು ಚೀನಾ ಕಂಡವಳಲ್ಲ. ಆದರೂ ಹೊರಟೆ.

ಆ ಹೋಟೆಲು… ಇಂದಿಗೂ ಅದರ ನೆಲಗಂಬಳಿಯ ಮೆತ್ತನೆ ಅಂಗಾಲಿಗೆ ನೆನಪಿದೆ. ಲಾಬಿಯ ಒಂದು ಗೋಡೆ ಪೂರ್ತಿ ಗಾಜು, ಆಚೆ ಸಮುದ್ರ. ಎದುರಿನ ದ್ವೀಪಕ್ಕೆ ಹೋಗಿಬರುವ ದೋಣಿಗಳು ರೂಮಿನ ಹಾಸಿಗೆಯಿಂದಲೇ ಕಾಣುತ್ತಿದ್ದವು. ಹಾಸಿಗೆಯ ಪಕ್ಕದ ಸ್ವಿಚ್ಚು ಒತ್ತಿದರೆ ಪರದೆ ತಾನಾಗಿ ಸರಿಯುತ್ತಿತ್ತು. ಕಾಕು ಅದನ್ನು ತೆರೆಯುವುದು, ಮುಚ್ಚುವುದು, ಮತ್ತೆ ತೆರೆಯುವುದು ಮಾಡುತ್ತ ಎಷ್ಟೋ ಹೊತ್ತು ನಿಂತರು. ಬಚ್ಚಲಿನಲ್ಲಿ ಕಮೋಡಿನ ಮುಚ್ಚಳ ತಾನೇ ಏಳುವುದನ್ನು ಕಂಡು, "ಇದು ನಮಗ ನಮಸ್ಕಾರ ಮಾಡ್ತದೇನ?" ಎಂದು ಕೇಳಿದರು.

ಮರುದಿನ ಬೆಳಿಗ್ಗೆ ನಾನು ಏಳುವಷ್ಟರಲ್ಲಿ ಅವರು ತಮ್ಮ ಹಾಸಿಗೆಯನ್ನು ಸುಕ್ಕಿಲ್ಲದಂತೆ ಹಾಸಿ, ಟವೆಲುಗಳನ್ನು ಮಡಿಸಿ, ಕಸದ ಬುಟ್ಟಿಯ ಚೀಲ ಕಟ್ಟಿಟ್ಟಿದ್ದರು. "ಅದಕ್ಕೆಲ್ಲ ಜನ ಬರ್ತಾರೆ ಕಾಕು," ಎಂದೆ.

"ಅದಕ್ಕಽ ಮಾಡೇನಿ. ಬರಾಕಿಗೂ ಒಂದು ರೂಮಿನ್ಯಾಗರ ಕೂಡ್ಲಿಕ್ಕೆ ಪುರುಸೊತ್ತು ಸಿಗಲಿ," ಎಂದರು. ಆಮೇಲೆ ಕಿಟಕಿಯ ಕಡೆ ನೋಡುತ್ತಲೇ ಹೇಳಿದರು: "ಇಂಥಾ ಹಾಸಿಗಿ ಹಾಸೀನಿ, ರಗಡ ಹಾಸೀನಿ. ಮಲಗಿದ್ದು ನಿನ್ನೇನಽ."

ಶುಚಿ ಮಾಡಲು ಬಂದ ಹೆಂಗಸು ಬಾಗಿಲಲ್ಲೇ ಬೆರಗಾಗಿ ನಿಂತಳು. ಕಾಕು ಅವಳನ್ನು ಸೋಫಾದ ಮೇಲೆ ಕೂರಿಸಿ, ಮನೆಯಿಂದ ತಂದ ಶೇಂಗಾ ಉಂಡೆ ಕೊಟ್ಟರು. ಅವಳು ಹೋಗುವಾಗ ಕಾಕುವಿಗೆ ಒಂದು ರಾಶಿ ಶವರ್ ಕ್ಯಾಪು ಕೊಟ್ಟು ಹೋದಳು. ಕಾಕು ಒಂದಿಷ್ಟನ್ನು ನನ್ನ ಸೂಟ್‌ಕೇಸಿಗೂ ತುರುಕಿದರು.

ಊಟದ ಕೋಣೆಯಲ್ಲಿ ಬೆಳಗಿನ ತಿಂಡಿಗೆ ಬರೇ ತರಕಾರಿ ಹಾಕಿದ ನೂಡಲ್ಸು ಮಾಡಿಸಿಕೊಂಡೆವು. "ಶಾವಿಗಿ ಛಲೋ ಅದ, ಉಪ್ಪು ಕಡಿಮಿ," ಎಂದ ಕಾಕು, ಪರ್ಸಿನಿಂದ ಶೇಂಗಾ ಚಟ್ನಿಯ ಡಬ್ಬಿ ತೆಗೆದರು. ಶ್ರುತಿ ಸುತ್ತಲೂ ನೋಡಿ ಹಣೆಗೆ ಕೈಯಿಟ್ಟುಕೊಂಡಳು. ಕೆವಿನ್ ತನ್ನ ತಟ್ಟೆಯನ್ನೂ ಮುಂದೆ ಹಿಡಿದ.

ಶಾಸ್ತ್ರ ಏನೆಂದು ಅವನು ವಿವರಿಸಿದ್ದು ಆಗಲೇ. ಹಿರಿಯರು ಕುರ್ಚಿಯ ಮೇಲೆ ಕೂರಬೇಕು. ಮದುಮಕ್ಕಳು ಮಂಡಿಯೂರಿ ಅವರಿಗೆ ಚಹಾ ಕೊಡಬೇಕು. ಕುಡಿದರೆ ಮದುವೆಗೆ ಒಪ್ಪಿ ಹರಸಿದಂತೆ. ಮೊದಲ ಸಾಲಿನಲ್ಲಿ ಅವನ ಅಜ್ಜಿ, ಅಪ್ಪ ಅಮ್ಮ, ಮತ್ತೆ ಹುಡುಗಿಯ ತಾಯಿ.

ಕಾಕು ಚಮಚ ಕೆಳಗಿಟ್ಟರು. ರೂಮಿಗೆ ಬಂದ ಮೇಲೆ, ತಾನು ಕೂರುವುದಿಲ್ಲ ಎಂದರು. ಶುಭಕಾರ್ಯದಲ್ಲಿ ಮುಂದೆ ಕೂತು ಎಷ್ಟೋ ವರ್ಷಗಳಾಗಿದ್ದವು. ಈಗ ಮಗಳ ಮದುವೆಯಲ್ಲೇ ಕೂತು, ನಾಳೆ ಏನಾದರೂ ಹೆಚ್ಚುಕಡಿಮೆಯಾದರೆ? "ನೀ ಕೂಡು ನನ್ನ ಬದಲಿ," ಎಂದರು ನನಗೆ.

"ನನಗೇ ಇನ್ನೂ ಮದುವೆ ಆಗಿಲ್ಲ ಕಾಕು," ಎಂದೆ.

ಶ್ರುತಿ ಮೊದಲು ರೇಗಿದಳು. ಆಮೇಲೆ ಅತ್ತಳು. ಅವಳು ಕನ್ನಡ ಪೂರ್ತಿ ತಿಳಿದವಳು, ಆಡುವುದು ಮಾತ್ರ ಇಂಗ್ಲಿಷು. ಅವತ್ತು ಅಳುತ್ತ ಕನ್ನಡದಲ್ಲೇ ಹೇಳಿದಳು: "ನನಗ ಅಪ್ಪಾ ಇಲ್ಲ. ನೀನೂ ಇಲ್ಲಂದ್ರ ನಾ ಯಾರಿಗೆ ಚಾ ಕೊಡ್ಲಿ?" ಕಾಕು ಗೋಡೆಯ ಕಡೆ ತಿರುಗಿ ಕುಳಿತರು. ಶ್ರುತಿ ಬಾಗಿಲು ಎಳೆದುಕೊಂಡು ಹೋದಳು.

ಅವಳು ಕೆವಿನ್ ಮನೆಯವರಿಗೆ ಹೇಳಿರಬೇಕು, ಮಧ್ಯಾಹ್ನ ಬಾಗಿಲು ತಟ್ಟಿದ ಸದ್ದಾಯಿತು. ಕೆವಿನ್‌ನ ಅಜ್ಜಿ ನಿಂತಿದ್ದರು, ಅವರ ತೋಳು ಹಿಡಿದು ಕೆವಿನ್‌ನ ಅಮ್ಮ. ಅಜ್ಜಿ ಕಾಕುವಿನ ಭುಜದಷ್ಟೂ ಎತ್ತರವಿರಲಿಲ್ಲ. ಬೆನ್ನು ಬಾಗಿತ್ತು. ನೆರೆತ ಕೂದಲನ್ನು ತುರುಬು ಕಟ್ಟಿದ್ದರು. ಯಾರೂ ಹೇಳುವ ಮೊದಲೇ ಬಂದು ಕಾಕುವಿನ ಹಾಸಿಗೆಯ ಅಂಚಿನ ಮೇಲೆ ಕೂತರು. ಅಜ್ಜಿ ಆಡಿದ್ದನ್ನು ಸೊಸೆ ಇಂಗ್ಲಿಷಿಗೆ ತರುವುದು, ಅದನ್ನು ನಾನು ಕನ್ನಡಕ್ಕೆ ತರುವುದು… ಹೀಗೆ ನಡೆಯಿತು ಮಾತು. ಸುಮಾರು ಹೊತ್ತು ಮಂಡಿ ನೋವಿನ ವಿಷಯವೇ. ಅಜ್ಜಿ ತಮ್ಮ ಮಂಡಿ ತೋರಿಸಿದರು, ಕಾಕು ತಮ್ಮದು ತೋರಿಸಿದರು.

ಆಮೇಲೆ ಅಜ್ಜಿಯ ಕಣ್ಣು ಮೇಜಿನ ಕಡೆ ಹೋಯಿತು. ಅಲ್ಲಿ ಕಾಕು ದೇವರ ಸಣ್ಣ ಪಟಗಳ ಪಕ್ಕ ಗಂಡನ ಫೋಟೊ ಇಟ್ಟಿದ್ದರು, ಸಮುದ್ರ ಕಾಣುವ ಹಾಗೆ. ಅಜ್ಜಿ ಎದ್ದು ಅದರ ಮುಂದೆ ಕೈ ಜೋಡಿಸಿ ಬಾಗಿದರು. ಹೋಟೆಲಿನವರು ಇಟ್ಟಿದ್ದ ಹಣ್ಣಿನ ಬುಟ್ಟಿಯಿಂದ ಒಂದು ಕಿತ್ತಳೆ ಆರಿಸಿ ಫೋಟೊದ ಮುಂದಿಟ್ಟರು. ಇವರಿಗೆ ಏನು ಇಷ್ಟವಿತ್ತು ಎಂದು ಕೇಳಿದರು.

"ಚಾ," ಎಂದರು ಕಾಕು. "ದಿನಾ ಎಷ್ಟು ಸರ್ತಿ ಕೊಟ್ಟರೂ ಬ್ಯಾಡ ಅಂತಿದ್ದಿಲ್ಲ."

ಅಜ್ಜಿ ತಲೆಯಾಡಿಸಿ ನಿಧಾನವಾಗಿ ಏನೋ ಹೇಳಿದರು. ಅವರ ಗಂಡ ದೋಣಿ ನಡೆಸುತ್ತಿದ್ದರಂತೆ. ಮಕ್ಕಳೆಲ್ಲ ಸಣ್ಣವರಿದ್ದಾಗ ಸಮುದ್ರದಲ್ಲಿ ಹೋದವರು ಬರಲಿಲ್ಲವಂತೆ. ಪ್ರತಿ ಮಗುವಿನ ಮದುವೆಯಲ್ಲೂ ಅಜ್ಜಿ ಎರಡು ಬಟ್ಟಲು ಕುಡಿದರಂತೆ, ತಮ್ಮದೊಂದು, ಅವರದೊಂದು. ಅಷ್ಟನ್ನು ಹೇಳುವಾಗ ಕೆವಿನ್‌ನ ಅಮ್ಮ ಅತ್ತೆಯ ತೋಳು ಸವರಿದರು. ಅತ್ತೆ ಈ ಮಾತನ್ನು ತನ್ನೆದುರು ಎಂದೂ ಆಡಿರಲಿಲ್ಲ ಎಂದರು. ಕೊನೆಗೆ ಅಜ್ಜಿ ಫೋಟೊದ ಕಡೆ ಬೆರಳು ಮಾಡಿ ಒಂದು ಪ್ರಶ್ನೆ ಕೇಳಿದರು. ನಾನು ಅದನ್ನು ಕನ್ನಡದಲ್ಲಿ ಹೇಳಿದೆ:

"ನೀವು ಕೂರದಿದ್ದರೆ ಅವರ ಪಾಲಿನ ಚಹಾ ಯಾರು ಕುಡೀತಾರೆ ಅಂತ ಕೇಳ್ತಿದ್ದಾರೆ, ಕಾಕು."

ಕಾಕು ಸೆರಗಿನ ಅಂಚನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕೂತಿದ್ದರು. ಹೊರಗೆ ಒಂದು ದೋಣಿ ದಡ ಮುಟ್ಟಿ ಜನ ಇಳಿಯುತ್ತಿದ್ದರು. ಆಮೇಲೆ ಕಾಕು ಎದ್ದು ಸೂಟ್‌ಕೇಸಿನ ತಳದಿಂದ ಒಂದು ಇಳಕಲ್ ಸೀರೆ ತೆಗೆದರು, ಕೆಂಪು ಸೆರಗಿನದು. ಉಡುವ ಮನಸ್ಸಿಲ್ಲದಿದ್ದರೆ ಅದನ್ನು ಅಷ್ಟು ದೂರ ಯಾಕೆ ಹೊತ್ತು ತಂದಿದ್ದರು ಎಂದು ನಾನು ಕೇಳಲಿಲ್ಲ.

ಮರುದಿನ ಹೋಟೆಲಿನ ಸಮುದ್ರದ ಕಡೆಯ ಸಭಾಂಗಣದಲ್ಲಿ ಕೆಂಪು ಬಟ್ಟೆ ಹೊದಿಸಿದ ಕುರ್ಚಿಗಳ ಸಾಲು. ಅಜ್ಜಿ ಕಾಕುವಿನ ಕೈಹಿಡಿದು ತಮ್ಮ ಪಕ್ಕದಲ್ಲಿ ಕೂರಿಸಿಕೊಂಡರು. ಶ್ರುತಿ, ಕೆವಿನ್ ಮಂಡಿಯೂರಿದರು. ಬಟ್ಟಲು ಎಷ್ಟು ಸಣ್ಣದೆಂದರೆ ನಮ್ಮ ತೀರ್ಥದ ಬಟ್ಟಲಿನಷ್ಟು. ಕಾಕು ಒಂದನ್ನು ಕುಡಿದರು. ಅಜ್ಜಿ ಕಣ್ಣು ಸನ್ನೆ ಮಾಡಿದಾಗ ಶ್ರುತಿ ಇನ್ನೊಂದನ್ನು ಮುಂದೆ ಹಿಡಿದಳು. ಕಾಕು ಎರಡೂ ಕೈಯಿಂದ ತೆಗೆದುಕೊಂಡು, ಕಣ್ಣು ಮುಚ್ಚಿ, ಗುಟುಕು ಗುಟುಕಾಗಿ ಕುಡಿದರು. ಆಮೇಲೆ ಮಗಳ ತಲೆ ಮುಟ್ಟಿ, "ಸಕ್ಕರಿ ಇಲ್ಲವ್ವಾ. ನಿಮ್ಮಪ್ಪ ಇದ್ದಿದ್ರ ಒದರ್ತಿದ್ರು," ಎಂದರು. ಶ್ರುತಿ ಅಳುತ್ತಲೇ ನಕ್ಕಳು. ಅರ್ಥವಾಗದ ಚಿಕ್ಕಪ್ಪಂದಿರೂ ನಕ್ಕರು.

ಆ ಕಡೆಯ ಹೆಂಗಸರು ಮದುವೆಯಲ್ಲಿ ಮುಡಿಗೆ ಒಂದು ಕೆಂಪು ಹೂ ಸಿಕ್ಕಿಸಿಕೊಳ್ಳುತ್ತಾರೆ, ಬಟ್ಟೆಯಲ್ಲಿ ಮಾಡಿದ್ದು. ಮುದುಕಿಯರೂ ಮುಡಿಯುತ್ತಾರೆ, ಗಂಡ ಇಲ್ಲದವರೂ ಮುಡಿಯುತ್ತಾರೆ. ಅಜ್ಜಿ ಎದ್ದು ನಿಂತು ಅಂಥದೊಂದನ್ನು ಕಾಕುವಿನ ತುರುಬಿಗೆ ಸಿಕ್ಕಿಸಿದರು. ಕಾಕುವಿನ ಕೈ ಥಟ್ಟನೆ ಮೇಲೆ ಹೋಯಿತು. ಹೂವನ್ನು ಮುಟ್ಟಿತು. ಅಲ್ಲೇ ಸ್ವಲ್ಪ ಹೊತ್ತು ನಿಂತು, ಹಾಗೇ ಕೆಳಗಿಳಿಯಿತು.

ಊಟ ಮುಗಿಯುವವರೆಗೂ ಹೂವು ಅವರ ತಲೆಯಲ್ಲೇ ಇತ್ತು. ಸಂಜೆ ನಾವಿಬ್ಬರೂ ಹೋಟೆಲಿನ ಮುಂದಿನ ದಂಡೆಯಲ್ಲಿ ನಡೆಯಲು ಹೋದಾಗಲೂ ಇತ್ತು. ಗಾಳಿಗೆ ಬೀಳದಂತೆ ಆಗಾಗ ಒತ್ತಿಕೊಳ್ಳುತ್ತಿದ್ದರು.

ಮಿಸಿಸಾಗದ ಮದುವೆಯಲ್ಲಿ ಧಾರೆ ಎರೆದದ್ದು ಮೈದುನ ದಂಪತಿಗಳೇ. ಆದರೆ ಕಾಕು ಅವರ ಮಗ್ಗುಲಲ್ಲೇ, ಮಂಟಪದ ಒಳಗೇ ನಿಂತಿದ್ದರು. ಪರಿಚಯದ ಹಿರಿಯ ಹೆಂಗಸೊಬ್ಬರು ಹತ್ತಿರ ಬಂದು ಮೆಲ್ಲಗೆ ಏನೋ ಅಂದರು. ಕಾಕು ದನಿ ಏರಿಸದೆ, "ಚೀನಾದಾಗ ಕೂತು ಬಂದೀನ್ರಿ, ಇಲ್ಲೆ ನಿಂತ್ರ ಏನಾಗ್ತದ?" ಎಂದರು. ಅಲ್ಲಿಂದ ಮುಂದೆ ಯಾರ ಮನೆಯ ಆರತಿಯ ಹೊತ್ತಿನಲ್ಲೂ ಅವರು ತುಪ್ಪ ತರಲು ಹೋಗಲಿಲ್ಲ. ನನ್ನ ಮದುವೆಯಾದಾಗ ಮೊದಲ ಆರತಿ ಎತ್ತಿದವರು ಅವರೇ. ಹಾಡು ಮಾತ್ರ ಅರ್ಧಕ್ಕೇ ಮರೆತಿತ್ತು. ಎಷ್ಟೋ ವರ್ಷದಿಂದ ಹಾಡಿರಲಿಲ್ಲವಲ್ಲ…

ಕಾಕು ಕಳೆದ ಚಳಿಗಾಲದಲ್ಲಿ ತೀರಿಕೊಂಡರು. ಹೆಚ್ಚು ನರಳಲಿಲ್ಲ ಎನ್ನುವುದೊಂದೇ ಸಮಾಧಾನ. ಆ ಮನೆ ಮಾರಾಟವಾಯಿತು. ಹೊಸಬರು ಮುಂದಿನ ಬಾಗಿಲಿಗೆ ನೀಲಿ ಬಣ್ಣ ಹೊಡೆಸಿದ್ದಾರೆ. ಆ ರಸ್ತೆಯಲ್ಲಿ ಹೋಗುವಾಗ ನಾನು ಈಗ ಕಾರು ನಿಧಾನ ಮಾಡುವುದಿಲ್ಲ.

ಈಚೆಗೆ ಶ್ರುತಿ ಭಾನುವಾರ ಬೆಳಿಗ್ಗೆ ಫೋನು ಮಾಡುತ್ತಾಳೆ. ಮೊದಲ ಸಲ ಮಾಡಿದಾಗ ವಿಶೇಷವೇನು ಎಂದು ಕೇಳಿದೆ. ಏನೂ ಇಲ್ಲವೆಂದಳು. "ಜಸ್ಟ್ ಟಾಕ್. ಕನ್ನಡದಾಗ ಮಾತಾಡು. ನಮ್ಮ ಮನಿಯಾಗ ಈಗ ಯಾರೂ ಆಡೂದಿಲ್ಲ," ಎಂದಳು. ನಾನು ಮಾತಾಡುತ್ತೇನೆ. ಅಡುಗೆ, ಆಫೀಸು, ಹವಾಮಾನ, ಏನು ತೋಚಿದರೆ ಅದು. ಅವಳು ಇಂಗ್ಲಿಷಿನಲ್ಲಿ ಹ್ಞೂಗುಡುತ್ತಾಳೆ. ಮೈಸೂರಿನವಳಾದ ನನ್ನ ಬಾಯಲ್ಲಿ ಅದೆಲ್ಲಿಂದಲೋ ಕಾಕುವಿನ "ಛಲೋ", "ರಗಡ", "ಹೊಳ್ಳಿ" ಬರುತ್ತವೆ. ಬಂದಾಗಲೆಲ್ಲ ಆ ಕಡೆ ಅವಳು ಹ್ಞೂಗುಡುವುದು ನಿಲ್ಲುತ್ತದೆ. ನಾನು ನಿಲ್ಲಿಸದೆ ಮುಂದಿನ ಮಾತಿಗೆ ಹೋಗುತ್ತೇನೆ.